ಬೀದಿಯೇ ಅರ್ಧ ಮನೆ: ಚಿನ್ನದ ಗಣಿಯ ಲೈನುಗಳಲ್ಲಿ ವಲಸೆಯ ಬದುಕು

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂವರೆಗೆ ಹೋಗುವ ರೈಲು ಹಾದಿಯ ಉದ್ದ ಸುಮಾರು 16 ಕಿಲೋಮೀಟರ್. 1894ರಲ್ಲಿ ಈ ಹಾದಿಯನ್ನು ತೆರೆದದ್ದು ಚಿನ್ನದ ಗಣಿಗಳ ಅಗತ್ಯಕ್ಕಾಗಿ. ಯಂತ್ರ, ಕಲ್ಲಿದ್ದಲು, ಮರದ ದಿಮ್ಮಿಗಳು ಒಳಗೆ ಬರಬೇಕಾಗಿತ್ತು. ಅವುಗಳೊಡನೆ ದುಡಿಯುವ ಜನರೂ ಬರಬೇಕಾಗಿತ್ತು. ಇಂದು ಅದೇ ಹಾದಿಯಲ್ಲಿ ಪ್ರತಿದಿನ ನಸುಕಿನಲ್ಲಿ ಸಾವಿರಾರು ಮಂದಿ ಹೊರಗೆ ಹೋಗುತ್ತಾರೆ, ರಾತ್ರಿ ಹಿಂದಿರುಗುತ್ತಾರೆ. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ ಎಂಬ ಪುಟ್ಟ ನಿಲ್ದಾಣಗಳಲ್ಲಿ ಹತ್ತಿದ ಈ ಜನರಿಗೆ ಕೆಲಸವಿರುವುದು ಬೆಂಗಳೂರಿನಲ್ಲಿ, ಮನೆಯಿರುವುದು ಗಣಿಯ ಲೈನಿನಲ್ಲಿ.

ನಮ್ಮ ಭಕ್ತಬಂಧುಗಳಲ್ಲಿ ಊರು ಬಿಟ್ಟು ನಗರ ಸೇರಿದವರು ಬಹಳ ಮಂದಿ ಇದ್ದಾರೆ. ಊರಿನ ಮನೆಗೆ ಬೀಗ, ನಗರದಲ್ಲಿ ಬಾಡಿಗೆ ಮನೆ ಎಂಬ ಸ್ಥಿತಿ ಅವರಿಗೆ ಪರಿಚಿತವಾದದ್ದೇ. ಆದರೆ ವಲಸೆಯು ಮನೆಯ ಅಳತೆಯನ್ನು, ಊಟದ ಹೊತ್ತನ್ನು, ಬೀದಿಯ ನಡವಳಿಕೆಯನ್ನು ಹೇಗೆ ರೂಪಿಸುತ್ತದೆ ಎಂಬುದನ್ನು ಕಾಣಬೇಕಾದರೆ ಕೋಲಾರ ಚಿನ್ನದ ಗಣಿ ಪ್ರದೇಶದಷ್ಟು ಸ್ಪಷ್ಟವಾದ ಉದಾಹರಣೆ ಕರ್ನಾಟಕದಲ್ಲಿ ಇನ್ನೊಂದು ಸಿಗುವುದು ಕಷ್ಟ. ಒಂದೇ ಜಾಗ ಎರಡು ಬಗೆಯ ವಲಸೆಯನ್ನು ಕಂಡಿದೆ. ಒಂದು ನೂರು ವರ್ಷ ಜನರನ್ನು ಒಳಗೆ ಕರೆದುಕೊಂಡಿತು. ಇನ್ನೊಂದು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅವರನ್ನು ಹೊರಗೆ ಕಳುಹಿಸುತ್ತಿದೆ. ಎರಡರ ಗುರುತೂ ಉಳಿದಿರುವುದು ಹತ್ತಡಿಯ ಆ ಕೋಣೆಗಳಲ್ಲಿ ಮತ್ತು ಅವುಗಳ ಮುಂದಿನ ಬೀದಿಯಲ್ಲಿ.

1870ರ ದಶಕದಲ್ಲಿ ಮೈಕೆಲ್ ಲೆವೆಲ್ ಎಂಬ ಐರಿಷ್ ಮೂಲದ ನಿವೃತ್ತ ಸೈನಿಕನು ಮೈಸೂರು ಸರ್ಕಾರದಿಂದ ಇಲ್ಲಿ ಗಣಿ ತೋಡುವ ಅನುಮತಿ ಪಡೆದನು. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಆಡಳಿತ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕೈಗೆ ಬಂತು. ಹಾಕಿದ ಬಂಡವಾಳವೆಲ್ಲ ಕರಗಿ ಕಂಪನಿ ಮುಚ್ಚುವ ಹಂತಕ್ಕೆ ಬಂದಾಗ ಮಾರಿಕುಪ್ಪಂ ಬಳಿಯ ಹಳೆಯ ತೋಡುಗಳ ಕೆಳಗೆ ಚಾಂಪಿಯನ್ ಎಂದು ಹೆಸರಾದ ಚಿನ್ನದ ಪದರ ಸಿಕ್ಕಿತು. ಜನ ‘ಮೈಸೂರು ಮೈನ್ಸ್’ ಎಂದು ಕರೆಯುವ ಭಾಗ ಇದೇ. ಆಮೇಲಿನ ಬೆಳವಣಿಗೆಯ ವೇಗ ಜನಗಣತಿಯಲ್ಲಿ ಕಾಣುತ್ತದೆ. 1891ರಲ್ಲಿ ಗಣಿ ಪ್ರದೇಶದ ಜನಸಂಖ್ಯೆ ಸುಮಾರು 7 ಸಾವಿರವಿದ್ದದ್ದು 1901ರಲ್ಲಿ 38 ಸಾವಿರವನ್ನು ದಾಟಿತ್ತು. ಹತ್ತು ವರ್ಷಗಳಲ್ಲಿ ಐದು ಪಟ್ಟು! ಇಷ್ಟು ಜನ ಅಲ್ಲಿಯೇ ಹುಟ್ಟಿದವರಾಗಿರಲು ಸಾಧ್ಯವಿಲ್ಲ.

ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ತಮಿಳು ಮತ್ತು ತೆಲುಗು ಭಾಷಿಕರು; ಅದರಲ್ಲಿಯೂ ಬಹುಪಾಲು ಜನ ದಲಿತ ಸಮುದಾಯದವರು. ಊರಿನಲ್ಲಿ ಭೂಮಿಯಿಲ್ಲ, ಒಡೆಯರ ಹೊಲದ ಜೀತ ತಪ್ಪಿದ್ದಲ್ಲ, ಬರ ಬಂದರೆ ಕೂಳಿಲ್ಲ. ಅಂಥವರಿಗೆ ಮೇಸ್ತ್ರಿ ಮುಂಗಡ ಹಣ ಕೊಟ್ಟು ಗಣಿಗೆ ಕರೆತರುತ್ತಿದ್ದನು. ನೆಲದಾಳದ ಕೆಲಸ ಅಪಾಯದ್ದೆಂದು ಅವರಿಗೆ ತಿಳಿದಿರಲಿಲ್ಲವೆಂದಲ್ಲ. ಆದರೆ ಆ ಕತ್ತಲೆಯಲ್ಲಿ ಕೂಲಿ ನಗದಾಗಿ ಸಿಗುತ್ತಿತ್ತು. ಇತ್ತ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿಕೆಲಸ ಬಲ್ಲವರು, ಇಟಲಿಯವರು, ಆಂಗ್ಲೋ ಇಂಡಿಯನ್ನರು, ಕಾವಲಿಗೆ ಪಂಜಾಬಿನವರು ಬಂದರು. ಸುತ್ತಲ ಹಳ್ಳಿಗಳ ಕನ್ನಡಿಗರೂ ತೆಲುಗರೂ ಸೊಪ್ಪು, ಹಾಲು, ಸೌದೆ, ರಾಗಿ ತಂದು ಮಾರಿದರು. ಕಮಿಷನರ್ ಬೌರಿಂಗ್ ಅವರ ಹೆಸರಿನಲ್ಲಿ ಬೌರಿಂಗ್‌ಪೇಟೆ ಎಂದಿದ್ದ ಊರು ಗಣಿಯ ಬಾಗಿಲಾಗಿ ಬೆಳೆಯಿತು; ಇಂದಿನ ಬಂಗಾರಪೇಟೆ ಅದೇ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳು ಅಂಗಡಿ ಬೀದಿಗಳ ಊರುಗಳಾದವು. ನಮ್ಮ ಪರಂಪರೆಯನ್ನು ಬಲ್ಲವರಿಗೆ ಹೀಗೆ ಹಲವು ದಿಕ್ಕುಗಳಿಂದ ಜನ ಬಂದು ಸೇರಿದ ಊರೆಂದರೆ ಹನ್ನೆರಡನೆಯ ಶತಮಾನದ ಕಲ್ಯಾಣ ನೆನಪಾಗುವುದು ಸಹಜ. ಕಾಶ್ಮೀರದಿಂದ ಬಂದು ಸೌದೆ ಮಾರುವ ಕಾಯಕ ಹಿಡಿದ ಮೋಳಿಗೆಯ ಮಾರಯ್ಯನವರ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಕಲ್ಯಾಣಕ್ಕೆ ಬಂದವರನ್ನು ಸೆಳೆದದ್ದು ಒಂದು ವಿಚಾರ; ಗಣಿಗೆ ಬಂದವರನ್ನು ತಳ್ಳಿದ್ದು ಹಸಿವು.

ಈಗ ಮನೆಯ ವಿಷಯ. ಕಂಪನಿಯ ದೃಷ್ಟಿಯಲ್ಲಿ ಕೂಲಿಯಾಳು ಬಂದು ಹೋಗುವ ಒಂಟಿ ಗಂಡಸು. ಸುಗ್ಗಿಗೆ, ಹಬ್ಬಕ್ಕೆ, ಮದುವೆಗೆ ಅವನು ಊರಿಗೆ ಹೊರಟುಬಿಡುತ್ತಿದ್ದದ್ದೂ ನಿಜವೇ. ಆದ್ದರಿಂದ ಮೊದಲು ಎದ್ದದ್ದು ಬಿದಿರು ತಟ್ಟಿಯ ಗುಡಿಸಲುಗಳು, ಕಾಲಕ್ರಮೇಣ ಸಾಲಾಗಿ ಕಟ್ಟಿದ ಒಂದು ಕೋಣೆಯ ಮನೆಗಳು. ಈ ಸಾಲುಗಳಿಗೇ ‘ಲೈನು’ ಎಂಬ ಹೆಸರು ನಿಂತಿತು. ಕೋಣೆಯ ಅಳತೆ ಹತ್ತಡಿಗೆ ಹತ್ತಡಿಯ ಆಸುಪಾಸು. ಆದರೆ ಬಂದವನು ಹೆಂಡತಿಯನ್ನು ಕರೆತಂದನು, ಮಕ್ಕಳಾದರು, ಊರಿನಿಂದ ತಮ್ಮ ಬಂದನು, ತಾಯಿ ಬಂದಳು. ಒಬ್ಬ ಮಲಗಲೆಂದು ಕಟ್ಟಿದ ಕೋಣೆಯಲ್ಲಿ ಒಂದು ಸಂಸಾರ ನೆಲೆಸಿತು. ಕೋಣೆ ಹಿಗ್ಗಲಿಲ್ಲ, ಸಂಸಾರವೇ ಹೊರಗೆ ಹರಿಯಿತು.

ಹೀಗೆ ಲೈನಿನ ಬೀದಿ ಮನೆಯ ಉಳಿದ ಅರ್ಧವಾಯಿತು. ಬಾಗಿಲ ಮುಂದೆ ತಗಡು ಮತ್ತು ತಟ್ಟಿಯಿಂದ ಒಂದು ಮರೆ ಕಟ್ಟಿದರೆ ಅದು ಅಡುಗೆಮನೆ, ಬಚ್ಚಲು, ಕೋಳಿಗೂಡು ಎಲ್ಲವೂ. ಅದರಾಚೆಯ ಜಾಗ ಎಲ್ಲರದು. ಬೇಸಗೆಯಲ್ಲಿ ಗಂಡಸರು ಅಲ್ಲಿಯೇ ಹಾಸಿಕೊಂಡು ಮಲಗುತ್ತಿದ್ದರು. ಅಕ್ಕಿ ಆರಿಸುವುದು, ತಲೆ ಬಾಚುವುದು, ಮಗುವಿಗೆ ಎಣ್ಣೆ ತಿಕ್ಕುವುದು, ಓದುವ ಹುಡುಗ ಬೀದಿ ದೀಪದ ಕೆಳಗೆ ಕೂರುವುದು, ಹೆಣ್ಣು ನೋಡಲು ಬಂದವರಿಗೆ ಪಕ್ಕದ ಮನೆಯ ಚಾಪೆ ತಂದು ಹಾಸುವುದು, ಇವೆಲ್ಲ ಬೀದಿಯ ಕೆಲಸಗಳು. ಸತ್ತವರನ್ನು ಮಲಗಿಸಲು ಒಳಗೆ ಸ್ಥಳ ಸಾಲುತ್ತಿರಲಿಲ್ಲ. ಅದಕ್ಕೂ ಬೀದಿಯೇ ಗತಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಗಣಿಯ ಯಂತ್ರಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು ಮೂರು ವರ್ಷಗಳ ಅನಂತರ. ಲೈನಿನ ಕೋಣೆಗಳ ಒಳಗೆ ದೀಪ ಹತ್ತಲು ಮಾತ್ರ ಇನ್ನೂ ಬಹುಕಾಲ ಹಿಡಿಯಿತು.

ಈ ಹಂಚಿಕೆಯ ಬದುಕಿಗೆ ತನ್ನದೇ ಆದ ಶಿಷ್ಟಾಚಾರ ಬೆಳೆಯಿತು, ಅದನ್ನು ಕಲಿಸಿದ್ದು ಗಣಿಯ ಪಾಳಿ. ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಮಲಗಬೇಕು. ಗೋಡೆ ಒಂದೇ, ಪಕ್ಕದ ಮನೆಯ ಮಗು ಅತ್ತರೂ ಇವನಿಗೆ ಎಚ್ಚರ. ಹೀಗಾಗಿ ಯಾವ ಮನೆಯಲ್ಲಿ ಯಾರು ಯಾವ ಪಾಳಿಯಲ್ಲಿದ್ದಾರೆ ಎಂಬುದು ಇಡೀ ಸಾಲಿಗೆ ತಿಳಿದಿರುತ್ತಿತ್ತು. ಮಕ್ಕಳನ್ನು ಆ ಬಾಗಿಲಿನಿಂದ ದೂರ ಆಡಿಸುವುದು, ಕುಟ್ಟುವ ರುಬ್ಬುವ ಕೆಲಸವನ್ನು ಸೈರನ್ ಆಗುವವರೆಗೆ ತಡೆಯುವುದು ಹೆಂಗಸರ ಹೊಣೆ. ಯಾರೂ ಬರೆದಿಡದ ನಿಯಮ ಅದು. ಒಂದೇ ನಲ್ಲಿಗೆ ಕೊಡಗಳ ಸಾಲು ಇರುತ್ತಿತ್ತು. ಅಲ್ಲಿ ಜಗಳವೂ ಆಗುತ್ತಿತ್ತು, ಬಸುರಿಯ ಕೊಡವನ್ನು ಮುಂದಕ್ಕೆ ಸರಿಸುವುದೂ ಆಗುತ್ತಿತ್ತು. ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆಯ ನೀರು ಕೊಳವೆಯಲ್ಲಿ ಇಲ್ಲಿಯವರೆಗೆ ಬರುತ್ತಿತ್ತು.

ನೆಲದಾಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳು ನಡುಗುತ್ತಿದ್ದವು, ಪಾತ್ರೆಗಳು ಉರುಳುತ್ತಿದ್ದವು. ಚಾಂಪಿಯನ್ ರೀಫ್ ಗಣಿಯ ಆಳ ಕೊನೆಗೆ 3 ಕಿಲೋಮೀಟರನ್ನೂ ಮೀರಿತು. ಆಳ ಹೆಚ್ಚಿದಂತೆ ಬಂಡೆಸಿಡಿತದ ಭಯವೂ ಹೆಚ್ಚಿತು. ನಡುಕ ಕಂಡೊಡನೆ ಹೆಂಗಸರು ಒಲೆಯ ಮೇಲಿದ್ದದ್ದನ್ನು ಹಾಗೆಯೇ ಬಿಟ್ಟು ಶಾಫ್ಟಿನ ಬಾಯಿಗೆ ಓಡುತ್ತಿದ್ದರು. ಯಾರ ಮನೆಯವನೆಂದು ತಿಳಿಯುವವರೆಗೆ ಎಲ್ಲರ ಮನೆಯ ದುಃಖವೂ ಒಂದೇ. ಬೇರೆ ಬೇರೆ ಊರು, ಭಾಷೆ, ದೇವರುಗಳಿಂದ ಬಂದವರು ಪರಸ್ಪರ ಅಣ್ಣ, ಅಕ್ಕ, ಮಾಮ, ಅತ್ತೆ ಎಂದು ಕರೆಯತೊಡಗಿದ್ದು ಸೌಜನ್ಯಕ್ಕಾಗಿ ಮಾತ್ರವಲ್ಲ. ಊರಿನ ನೆಂಟರು ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿರುತ್ತಿತ್ತು. ಹೆಗಲು ಕೊಡುವವರು ಈ ಲೈನಿನವರೇ. ಬಂಡೆಯಿಂದ ಬದುಕುಳಿದವರನ್ನು ದೂಳು ಕಾಡಿತು. ಸಿಲಿಕೋಸಿಸ್ ಎಂಬ ಶ್ವಾಸಕೋಶದ ಬೇನೆ ಇಲ್ಲಿ ಎಷ್ಟು ವ್ಯಾಪಕವೆಂಬುದು 1940ರ ದಶಕದ ವೈದ್ಯಕೀಯ ತಪಾಸಣೆಗಳಿಂದ ಹೊರಬಿತ್ತು. ಕೆಮ್ಮುತ್ತ ಜಗಲಿಯಲ್ಲಿ ಕೂತ ನಡುವಯಸ್ಸಿನ ಗಂಡಸು ಲೈನಿನ ನಿತ್ಯದ ನೋಟವಾದನು.

ಹೀಗೆಂದು ಲೈನಿನ ಬೀದಿಯನ್ನು ಸೋದರಭಾವದ ಬೀಡೆಂದು ಹಾಡಿ ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಸಾಲುಗಳ ನಡುವೆ ಸಾಲುಗಳಿದ್ದವು. ದೊರೆಗಳ ಬಂಗಲೆ, ಕ್ಲಬ್ಬು, ತೋಟಗಳ ಕಡೆಗೆ ಕೂಲಿಯವನು ಕೆಲಸವಿಲ್ಲದೆ ಕಾಲಿಡುವಂತಿರಲಿಲ್ಲ. ಆಂಗ್ಲೋ ಇಂಡಿಯನ್ ಮೇಲ್ವಿಚಾರಕರ ಮನೆಗಳು ಬೇರೆ, ಗುಮಾಸ್ತರ ಮನೆಗಳು ಬೇರೆ, ನೆಲದಾಳಕ್ಕೆ ಇಳಿಯುವವರ ಲೈನು ಬೇರೆ. ಎಲ್ಲಕ್ಕಿಂತ ಕೊನೆಯಲ್ಲಿ ಒಣ ಪಾಯಖಾನೆಗಳ ಮಲವನ್ನು ಕೈಯಿಂದ ಎತ್ತುವ ಕುಟುಂಬಗಳು. ಅವರೂ ವಲಸೆ ಬಂದವರೇ. ಮನೆಗಳಲ್ಲಿ ಶೌಚಾಲಯವಿಲ್ಲದ ಇಡೀ ಲೈನಿನ ಬದುಕು ನಿಂತದ್ದು ಅವರ ದುಡಿಮೆಯ ಮೇಲೆ. ಬೀದಿ ಎಲ್ಲರದು ಎನ್ನುವಾಗ ಆ ‘ಎಲ್ಲರಲ್ಲಿ’ ಅವರನ್ನು ಸೇರಿಸಿದವರು ಕಡಿಮೆ. 1966ರಲ್ಲಿ ಕೆ.ಜಿ.ಎಫ್.ನ ಅಂಥದೇ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಪದ್ಧತಿಯ ವಿರುದ್ಧ ಇಲ್ಲಿಂದಲೇ ಹೋರಾಟ ಆರಂಭಿಸಿದರು. ಮುಂದೆ ಅದು ಸಫಾಯಿ ಕರ್ಮಚಾರಿ ಆಂದೋಲನವಾಗಿ ದೇಶದಾದ್ಯಂತ ಹರಡಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಕಾಯಕದ ಘನತೆಯನ್ನು ಕುರಿತು ನಿತ್ಯ ಮಾತನಾಡುವ ನಮ್ಮಂಥವರು ಈ ಹೆಸರನ್ನು ಚೆನ್ನಾಗಿ ಅರಿತಿರಬೇಕು.

ಮನೆಯ ಬಾಗಿಲೂ ಪೂರ್ತಿ ಮನೆಯವರದಾಗಿರಲಿಲ್ಲ. ಚಿನ್ನದ ಕಳವನ್ನು ತಡೆಯಲೆಂದು 1897ರಲ್ಲಿ ಬಂದ ಮೈಸೂರು ಗಣಿ ಕಾಯಿದೆ ಚಿನ್ನದ ಅಂಶವಿರುವ ವಸ್ತುವನ್ನು ಇಟ್ಟುಕೊಳ್ಳುವುದನ್ನೇ ಅಪರಾಧದ ವ್ಯಾಪ್ತಿಗೆ ತಂದಿತು. ಅದರ ನೆರಳಿನಲ್ಲಿ ಮೈತಪಾಸಣೆ, ಮನೆತಪಾಸಣೆಗಳು ನಡೆಯುತ್ತಿದ್ದವು. ವಲಸೆಗಾರನಿಗೆ ಇದ್ದ ಒಂದೇ ಸ್ವಾತಂತ್ರ್ಯವೆಂದರೆ ಒಂದು ಗಣಿಯಲ್ಲಿ ಸರಿಬಾರದಿದ್ದರೆ ಇನ್ನೊಂದಕ್ಕೆ ಹೋಗುವುದು. ಪ್ರತಿಯೊಬ್ಬನ ಬೆರಳಚ್ಚು ಪಡೆದು ದಾಖಲೆ ಇಡುವ ಕ್ರಮ 1930ರ ಏಪ್ರಿಲಿನಲ್ಲಿ ಜಾರಿಗೆ ಬಂದಾಗ ಆ ಸ್ವಾತಂತ್ರ್ಯಕ್ಕೂ ಕುತ್ತು ಬಂತು. ಆಗ ಎಲ್ಲ ಗಣಿಗಳ ಕಾರ್ಮಿಕರು 21 ದಿನ ಕೆಲಸ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಬಲವಾದ ಸಂಘವೇನೂ ಅವರಿಗೆ ಇರಲಿಲ್ಲ. ಮುಷ್ಕರದ ಸುದ್ದಿ ಹರಡಿದ್ದು, ಒಲೆ ಹತ್ತದ ಮನೆಗೆ ಪಕ್ಕದ ಮನೆಯ ಗಂಜಿ ಹೋದದ್ದು ಬೀದಿಯಿಂದಲೇ ಎಂದು ಊಹಿಸುವುದು ಕಷ್ಟವಲ್ಲ. 1946ರ ನವೆಂಬರಿನ ಪೊಲೀಸ್ ಗೋಲಿಬಾರಿನಲ್ಲಿ ಆರು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಓದಿನ ಹಂಬಲವೂ ಇದೇ ಬೀದಿಗಳಲ್ಲಿ ಮೊಳೆಯಿತು. ಅಯೋತಿ ದಾಸರ ಬೌದ್ಧ ವಿಚಾರಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ನೆಲೆ ಕಂಡವು. ಅವರ ಕಾಲಾನಂತರ ‘ತಮಿಳನ್’ ಪತ್ರಿಕೆಯನ್ನು ಇಲ್ಲಿಂದಲೂ ಹೊರತರಲಾಯಿತು. ಊರಿನಲ್ಲಿ ಕೇರಿಯ ಹೆಸರಿನಿಂದ ಗುರುತಿಸಿಕೊಳ್ಳುತ್ತಿದ್ದವನು ಇಲ್ಲಿ ಓದುಗನಾದನು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ದೊರೆಗಳು, ಬಹುಮಟ್ಟಿಗೆ ಆಂಗ್ಲೋ ಇಂಡಿಯನ್ನರೂ, ಇಂಗ್ಲೆಂಡು ಆಸ್ಟ್ರೇಲಿಯಗಳಿಗೆ ಹೊರಟುಹೋದರು. ಅದಿರು ತೆಳುವಾಯಿತು, ಖರ್ಚು ಏರಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಗಣಿ ಮುಚ್ಚಿದ ಮೇಲೆ ಊರು ಬರಿದಾಗಬೇಕಿತ್ತೆಂಬುದು ಹೊರಗಿನವರ ಲೆಕ್ಕ. ಹಾಗಾಗಲಿಲ್ಲ. ಮೂರು ನಾಲ್ಕು ತಲೆಮಾರು ಕಳೆದಿದ್ದವರಿಗೆ ಹಿಂದಿರುಗಲು ‘ಊರು’ ಎಂಬುದು ಉಳಿದಿರಲಿಲ್ಲ. ಆರ್ಕಾಟಿನ ಹಳ್ಳಿ ಅಜ್ಜನ ಮಾತಿನಲ್ಲಿ ಮಾತ್ರ ಇತ್ತು. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಆದರೆ ಅಲ್ಲಿಯ ಬಾಡಿಗೆ ಕೊಟ್ಟರೆ ಸಂಬಳದಲ್ಲಿ ಏನೂ ಮಿಗದು. ಇಲ್ಲಿ ಚಿಕ್ಕದಾದರೂ ಒಂದು ಕೋಣೆಯಿದೆ, ಕಷ್ಟಕ್ಕೆ ಕೂಗಿದರೆ ಓಗೊಡುವ ನೆರೆಯಿದೆ. ಹೀಗಾಗಿ ಜನ ಮನೆಯನ್ನು ಬಿಡದೆ ತಾವು ಮಾತ್ರ ದಿನವೂ ವಲಸೆ ಹೋಗುವ ದಾರಿ ಹಿಡಿದರು. ಹೋಗಲು ಎರಡು ಗಂಟೆಗೆ ಕಡಿಮೆಯಿಲ್ಲ, ಬರಲೂ ಅಷ್ಟೇ. ಕಟ್ಟಡ ಕೆಲಸ, ಅಂಗಡಿ, ಕಾವಲು, ಆಸ್ಪತ್ರೆ, ಕಾರ್ಖಾನೆ, ಕಂಪ್ಯೂಟರ್ ಕಚೇರಿ ಎಲ್ಲೆಡೆ ಈ ರೈಲಿನ ಜನರಿದ್ದಾರೆ. ಈಚಿನ ವರ್ಷಗಳಲ್ಲಿ ನರಸಾಪುರದ ಕೈಗಾರಿಕಾ ಪ್ರದೇಶವೂ ತರುಣ ತರುಣಿಯರನ್ನು ಸೆಳೆಯುತ್ತಿದೆ.

ಈ ಎರಡನೆಯ ವಲಸೆ ಮನೆಯ ಗಡಿಯಾರವನ್ನು ಬದಲಾಯಿಸಿತು. ಸೈರನ್ನಿನ ಜಾಗಕ್ಕೆ ರೈಲಿನ ವೇಳಾಪಟ್ಟಿ ಬಂತು. ನಾಲ್ಕು ಗಂಟೆಗೆ ಒಲೆ ಹತ್ತಬೇಕು, ಐದಕ್ಕೆ ಬುತ್ತಿ ಕಟ್ಟಬೇಕು. ತಂದೆ ಹೊರಡುವಾಗ ಮಕ್ಕಳು ನಿದ್ರೆಯಲ್ಲಿ, ಬರುವಾಗಲೂ ನಿದ್ರೆಯಲ್ಲಿ. ತಾಯಿಯೂ ದುಡಿಯಲು ಹೋಗುವ ಮನೆಗಳಲ್ಲಿ ಸಾಕುವವರು ಅಜ್ಜ ಅಜ್ಜಿಯರು. ಆರು ದಿನ ಮನೆಯೆಂಬುದು ಮಲಗುವ ಸ್ಥಳ. ಸಂಸಾರ ಒಟ್ಟಾಗಿ ಕೂತು ಉಣ್ಣುವುದು ಭಾನುವಾರ. ಗಣಿಯ ಕಾಲದಲ್ಲಿ ಗಂಡಸು ಮೂರು ಕಿಲೋಮೀಟರ್ ಕೆಳಗಿದ್ದರೂ ಇದೇ ಊರಿನಲ್ಲಿದ್ದನು, ಪಾಳಿ ಮುಗಿದೊಡನೆ ಬೀದಿಗೆ ಬರುತ್ತಿದ್ದನು. ಈಗ ಅವನ ಸ್ನೇಹ, ಚರ್ಚೆ, ಚೀಟಿ ವ್ಯವಹಾರ, ನಗು ಜಗಳಗಳೆಲ್ಲ ರೈಲಿನ ಡಬ್ಬಿಗೆ ವರ್ಗವಾಗಿವೆ. ದಿನವೂ ಅದೇ ಡಬ್ಬಿ, ಅದೇ ಸೀಟು, ಅದೇ ಗುಂಪು. ಒಂದು ಬಗೆಯಲ್ಲಿ ಲೈನಿನ ಬೀದಿಯೇ ಚಕ್ರಗಳ ಮೇಲೆ ಹೋಗಿ ಬರುತ್ತಿದೆ ಎನ್ನಬೇಕು.

ಊರಿನಲ್ಲಿ ಉಳಿದ ಬೀದಿ ಹಗಲು ಹೊತ್ತು ಮುದುಕರದು, ಶಾಲೆಗೆ ಹೋಗದ ಪುಟ್ಟ ಮಕ್ಕಳದು. ಬಾಗಿಲುಗಳು ಹಿಂದಿನಂತೆ ತೆರೆದಿರುವುದಿಲ್ಲ. ಮುಂಗಡೆಯ ತಟ್ಟಿಯ ಮರೆ ಕೆಲವೆಡೆ ಇಟ್ಟಿಗೆಯ ಕೋಣೆಯಾಗಿದೆ. ಟಿ.ವಿ., ಬೀರು, ದ್ವಿಚಕ್ರ ವಾಹನಗಳಿಗೆ ಸ್ಥಳ ಬೇಕಲ್ಲವೆ? ಒಂದೊಂದು ಮನೆ ಒಂದೊಂದು ಗಜ ಮುಂದೆ ಬಂದರೆ ಬೀದಿ ಅಷ್ಟು ಕಿರಿದಾಗುತ್ತದೆ. ಕೂರುವ ಜಾಗ ಹೋಗಿ ಹಾಯುವ ಜಾಗ ಮಾತ್ರ ಉಳಿಯುತ್ತದೆ. ಇದನ್ನು ಒತ್ತುವರಿ ಎಂದು ಮೂದಲಿಸುವುದು ಸುಲಭ. ನೂರು ವರ್ಷ ಹತ್ತಡಿಯಲ್ಲಿ ಬಾಳಿದವರು ಒಂದು ಕೋಣೆ ಹೆಚ್ಚಿಸಿಕೊಂಡದ್ದನ್ನು ನಾನಂತೂ ತಪ್ಪೆನ್ನಲಾರೆ. ಹಬ್ಬದ ದಿನಗಳಲ್ಲಿ ಮಾತ್ರ ಹಳೆಯ ಬೀದಿ ಮರಳುತ್ತದೆ. ಮಾರಮ್ಮನ ಜಾತ್ರೆಗೆ, ಪೊಂಗಲಿಗೆ, ಕ್ರಿಸ್‌ಮಸ್ಸಿಗೆ ಬೆಂಗಳೂರಿನಲ್ಲಿ ನೆಲೆಸಿದವರೂ ಬರುತ್ತಾರೆ. ಅಂಬಲಿಯ ಪಾತ್ರೆ ಬೀದಿಯ ನಡುವೆ ಬರುತ್ತದೆ. ಬಂದು ಹೋಗುವ ಜನರೊಡನೆ ರುಚಿಯೂ ಪಯಣಿಸುತ್ತದೆ. ತಿಳಿನೀರಿನ ‘ಬಂಗಾರಪೇಟೆ ಪಾನಿಪುರಿ’ ಎಂಬ ಫಲಕ ಬೆಂಗಳೂರಿನ ಯಾವ ಬಡಾವಣೆಯಲ್ಲಿ ಇಲ್ಲ?

ಭಾಷೆಯ ವಿಷಯವಾಗಿ ಒಂದು ಮಾತು. ಕೆ.ಜಿ.ಎಫ್. ಎಂದೊಡನೆ ‘ಅಲ್ಲಿ ಕನ್ನಡವಿಲ್ಲ’ ಎಂದು ನಮ್ಮವರು ಮೂಗು ಮುರಿಯುವುದುಂಟು. ಕನ್ನಡ ವಿದ್ಯಾರ್ಥಿಯಾಗಿ ಇದು ನನಗೆ ನ್ಯಾಯವೆನಿಸುವುದಿಲ್ಲ. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಕಚೇರಿಯಲ್ಲಿ ಇಂಗ್ಲಿಷು, ಸಂತೆಗೆ ಬಂದ ರೈತನೊಡನೆ ಕನ್ನಡ ಎಂಬ ಹಂಚಿಕೆ ಆ ಬೀದಿಯಲ್ಲಿ ನೂರು ವರ್ಷ ನಡೆದಿದೆ. ಇಲ್ಲಿಯ ಮಗು ಶಾಲೆಗೆ ಸೇರುವ ಮೊದಲೇ ಎರಡು ಮೂರು ಭಾಷೆಗಳನ್ನು ಆಡುತ್ತದೆ. ಈಗ ಶಾಲೆಯೂ ದಿನನಿತ್ಯದ ಬೆಂಗಳೂರಿನ ಪ್ರಯಾಣವೂ ಕನ್ನಡವನ್ನು ಮನೆಯೊಳಗೆ ತರುತ್ತಿವೆ. ದುಡಿಮೆ ಕಲಿಸಿದ ಭಾಷೆ ಬೇಗ ಮರೆಯಾಗುವುದಿಲ್ಲ.

ಇಂದು ಲೈನಿನ ಜನರ ಮುಂದಿರುವ ಪ್ರಶ್ನೆ ಭಾವನೆಯದಲ್ಲ, ಕಾಗದಪತ್ರದ್ದು. ಈ ಮನೆಗಳು ಕಂಪನಿಯ ವಸತಿಗಳು. ಕೆಲಸವಿದ್ದಷ್ಟು ಕಾಲ ವಾಸಕ್ಕೆ ಕೊಟ್ಟವು. ಕೆಲಸ ಹೋದ ಮೇಲೆ ಮನೆ ಯಾರದು? ಬಾಕಿ ಹಣ, ಮನೆಯ ಹಕ್ಕುಪತ್ರ, ಗಣಿಯ ಭೂಮಿಯ ಬಳಕೆ ಇವುಗಳನ್ನು ಕುರಿತ ಮನವಿಗಳೂ ವ್ಯಾಜ್ಯಗಳೂ ಗಣಿ ಮುಚ್ಚಿದಂದಿನಿಂದ ಸಾಗಿ ಬಂದಿವೆ. ಹಕ್ಕುಪತ್ರವಿಲ್ಲದ ಮನೆಗೆ ಬ್ಯಾಂಕು ಸಾಲ ಕೊಡದು. ಸಾಲವಿಲ್ಲದೆ ಸೋರುವ ಛಾವಣಿ ಬದಲಾಗದು, ಮನೆಯೊಳಗೆ ಶೌಚಾಲಯ ಏಳದು. ಕೆಲವು ಸಾಲುಗಳಲ್ಲಿ ಜನ ಬಿಟ್ಟುಹೋದ ಕೋಣೆಗಳ ಛಾವಣಿ ಕುಸಿದು ಜಾಲಿಗಿಡ ಬೆಳೆದಿದೆ, ಅದರ ಪಕ್ಕದ ಬಾಗಿಲಿನಲ್ಲಿ ರಂಗೋಲಿ ಇದೆ.

ಲೈನುಗಳ ಬೆನ್ನಿಗೇ ನಿಂತಿರುವ ಬೂದುಬಣ್ಣದ ದಿಬ್ಬಗಳನ್ನು ಜನ ಸಯನೈಡ್ ಗುಡ್ಡ ಎನ್ನುತ್ತಾರೆ. ಅದಿರನ್ನು ಅರೆದು ಸಯನೈಡಿನಿಂದ ಚಿನ್ನ ತೆಗೆದ ಮೇಲೆ ಮಿಕ್ಕ ಹುಡಿ ಅದು. ಅದರಲ್ಲಿ ಇನ್ನೂ ಅಲ್ಪಸ್ವಲ್ಪ ಚಿನ್ನವಿದೆ. ಅಂಥ 13 ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರ ಜೂನಿನಲ್ಲಿ ಒಪ್ಪಿಗೆ ನೀಡಿತು. ಕೆಲಸ ಮರಳಿ ಬಂದೀತೆಂಬ ಆಸೆ ಒಂದು ಕಡೆ, ಮನೆಗಳ ಗತಿಯೇನೆಂಬ ಅಳುಕು ಇನ್ನೊಂದು ಕಡೆ. ಆ ಚಿನ್ನದ ಲೆಕ್ಕದಲ್ಲಿ ಲೈನಿನವರ ಹಕ್ಕುಪತ್ರವೂ ಸೇರಬೇಕೆಂದು ಕೇಳುವುದು ಅತ್ಯಾಸೆಯಲ್ಲ. ಬೇಸಗೆಯ ಗಾಳಿ ಎದ್ದಾಗ ಆ ದಿಬ್ಬಗಳ ಹುಡಿ ಲೈನುಗಳ ಮೇಲೆ ಸುರಿಯುತ್ತದೆ. ನೀರಿನ ಕೊಡಕ್ಕೆ ತಟ್ಟೆ ಮುಚ್ಚಿ, ಒಣಹಾಕಿದ ಬಟ್ಟೆಯನ್ನು ಒಳಕ್ಕೆಳೆದು ಬಾಗಿಲು ಹಾಕಿಕೊಳ್ಳುತ್ತಾರೆ. ಅಂಥ ಮಧ್ಯಾಹ್ನಗಳಲ್ಲಿ ಬೀದಿಯಲ್ಲಿ ಯಾರೂ ಇರುವುದಿಲ್ಲ. ಸಂಜೆ ಗಾಳಿ ತಗ್ಗಿದ ಮೇಲೆ ಅಜ್ಜಿಯರು ಮತ್ತೆ ಜಗಲಿ ಗುಡಿಸಿ, ನೀರು ಚಿಮುಕಿಸಿ, ರೈಲಿನವರ ದಾರಿ ನೋಡುತ್ತ ಕೂರುತ್ತಾರೆ.